ಇಳಕಲ್ ಸೀರೆ ಉಟ್ಟವಳು ಎಲ್ಲಿ ಮಲಗಬೇಕು?

ರಾತ್ರಿ ತಂಗುದಾಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಉಟ್ಟ ಸೀರೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನೀವು ಒಬ್ಬ ಮುದುಕಿಯನ್ನು ತಂಗುದಾಣದಿಂದ ಹೊರಗೆ ಹಾಕಿಸಿದ್ದೀರಿ. ಅವಳ ಹೆಸರು ಯಮನಮ್ಮ. ಈಗ ಅವಳು ಬಸ್‌ಸ್ಟ್ಯಾಂಡಿನ ಎದುರಿಗಿರುವ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಮಲಗುತ್ತಾಳೆ. ಸಂಕ್ರಾಂತಿ ಹತ್ತಿರದ ಚಳಿ, ಅವಳಿಗೆ ಕೆಮ್ಮು ಹತ್ತಿದೆ. ಆ ಸೀರೆ ಕೊಟ್ಟವಳು ನಾನು. ಅವಳು ಹೊರಗೆ ಬಿದ್ದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ಸಿಂಧನೂರಿನವರು ಇದನ್ನು ಓದಿ ಮಸ್ಕಿಯ ಮಾತು ಎನ್ನಲಿ, ಮಸ್ಕಿಯವರು ಲಿಂಗಸುಗೂರಿನ ಕಡೆ ಕೈ ತೋರಿಸಲಿ, ಲಿಂಗಸುಗೂರಿನವರು ಸಿಂಧನೂರಿನ ಕಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೆಂದು ತಾನೇ ಗೊತ್ತಾಗುತ್ತದೆ. ಎದುರಿಗೆ ಬಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಂದಿದ್ದೆ. ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ನೀವು ಕತ್ತೆತ್ತಿ "ಏನಮ್ಮ?" ಎಂದಿರಿ. ನನ್ನ ಬಾಯಿಂದ "ಏನಿಲ್ರಿ ಸರ್" ಎಂದು ಬಂತು. ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಮೇಜಿನ ಆಚೆ ಕೂತವರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಕಾಗದದ ಮುಂದೆ ಹೊರಡುತ್ತದೆ.

ಮೊದಲು ಬಟ್ಟೆಯ ಸಂಗತಿ ಹೇಳಿಬಿಡುತ್ತೇನೆ. ನಾನು ಮತ್ತು ನಮ್ಮ ಓಣಿಯ ಹಾಜಿರಾಬೀ ಅಕ್ಕ ಮನೆಮನೆಗೆ ಹೋಗಿ, ಉಟ್ಟು ಬಿಟ್ಟ ಬಟ್ಟೆ ಕೇಳಿ ತರುತ್ತೇವೆ. ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರ ಇದೆ. ಗುಂಡಿ ಉದುರಿದ್ದಕ್ಕೆ ಗುಂಡಿ ಹಚ್ಚಿ, ಅಂಚು ಬಿಚ್ಚಿದ್ದಕ್ಕೆ ಹೊಲಿಗೆ ಹಾಕಿ, ಒಗೆದು, ಮಡಚಿ, ಮನೆ ಇಲ್ಲದೆ ಬಸ್‌ಸ್ಟ್ಯಾಂಡಿನಲ್ಲೋ ಗುಡಿಯ ಹತ್ತಿರವೋ ಮಲಗುವವರಿಗೆ ಕೊಡುತ್ತೇವೆ. ನಮಗೆ ಸಂಘ ಇಲ್ಲ, ಬ್ಯಾನರ್ ಇಲ್ಲ. ನಮ್ಮ ಕಡೆ ಹಳೆ ಬಟ್ಟೆ ಪುಕ್ಕಟೆ ಸಿಗುವುದೂ ಸುಲಭವಲ್ಲ. ಹಳೆ ಸೀರೆಗೆ ಸ್ಟೀಲ್ ಡಬ್ಬಿ ಕೊಡುವವಳು ಓಣಿಗೆ ಬಂದೇ ಬರುತ್ತಾಳೆ. ಅವಳು ಬೇಡವೆಂದದ್ದು ಹೊದೆಯುವ ಕೌದಿ ಹೊಲಿಯಲು ಹೋಗುತ್ತದೆ. ಹಾಗಾದರೆ ಒಳ್ಳೆಯ ಬಟ್ಟೆ ನಮಗೆ ಸಿಗುವುದು ಯಾರಿಂದ? ಸತ್ತವರಿಂದ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರು ಉಟ್ಟದ್ದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲು ಜನ ಹೆದರುತ್ತಾರೆ, ಡಬ್ಬಿಯವಳಿಗೆ ಹಾಕಲೂ ಮನಸ್ಸು ಬರುವುದಿಲ್ಲ. ಆಗ ನಮ್ಮನ್ನು ಕರೆಯುತ್ತಾರೆ.

ಮಸ್ಕಿಯ ಒಬ್ಬ ಸೊಸೆ, ತನ್ನ ಅತ್ತೆಯ ದಿನಕರ್ಮ ಮುಗಿದ ಮೇಲೆ, ಹೀಗೇ ಕರೆದು ಒಂದು ಇಳಕಲ್ ಸೀರೆ ಕೊಟ್ಟಳು. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಒಂದು ನೂಲೂ ಜಗ್ಗಿರಲಿಲ್ಲ. "ಯಾರಿಗರ ಕೊಡ್ರಿ, ಆದ್ರ ಉಡೋರಿಗೆ ಕೊಡ್ರಿ. ಹಾಸಿಗೊಂಡು ಮಲಗೋರಿಗೆ ಬ್ಯಾಡ" ಎಂದಳು.

ಉಡುವವಳು ಯಮನಮ್ಮ ಎಂದು ನನಗೆ ಅನ್ನಿಸಿತು. ಯಮನಮ್ಮ ಗುರುಗುಂಟಾದ ಕಡೆಯವಳು. ಹೊಲದಲ್ಲಿ, ದನದ ಹಟ್ಟಿಯಲ್ಲಿ ದುಡಿದವಳು. ಅವಳ ಮನೆ ಎಂದರೆ ದುಡಿಸಿಕೊಂಡವರ ಹಿತ್ತಲಿನ ಒಂದು ಕೋಣೆ. ಮೊಣಕಾಲು ಹೋಯಿತು, ಕೋಣೆಯೂ ಹೋಯಿತು. ದಸರೆಯಿಂದ ನಿಮ್ಮ ತಂಗುದಾಣದಲ್ಲಿ ಮಲಗುತ್ತಿದ್ದಳು. ಸೀರೆ ಮುಂದೆ ಹಿಡಿದಾಗ ಮುಟ್ಟದೆ ಕೇಳಿದಳು.

"ಸತ್ತಾಕಿದೇನು?"

"ಹೂಂ ಯಮ್ಮಾ."

"ಹೆಂಗಿದ್ಲಂತ ಆಕಿ?"

"ಛಲೋ ಇದ್ಲಂತ."

"ಹಂಗಾರ ಕೊಡು. ಬದುಕಿದ್ದೋರು ನನಗ ಏನ್ ಕೊಟ್ಟಾರ?"

ಉಟ್ಟಳು. ಆ ಸೀರೆಯಿಂದ ಏನಾಯಿತು ಎಂಬುದನ್ನು ನೀವು ಕೇಳಬೇಕು ಸ್ವಾಮಿ, ಏಕೆಂದರೆ ಕಚೇರಿಯಲ್ಲಿ ಕೂತವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಚಹಾದಂಗಡಿಯವನು ಅದುವರೆಗೆ ಅವಳ ಬೊಗಸೆಗೆ ನೀರು ಹೊಯ್ಯುತ್ತಿದ್ದ, ಅಂದು ಗ್ಲಾಸಿನಲ್ಲಿ ಕೊಟ್ಟ. ಬಸ್ಸಿನ ಬಾಗಿಲ ಹತ್ತಿರ ನಿಂತರೆ "ಸರಿ ಆಚೆ" ಎನ್ನುತ್ತಿದ್ದ ಕಂಡಕ್ಟರ್ "ಹತ್ತಬೇ ದೊಡ್ಡವ್ವ, ಎಲ್ಲಿಗಿ?" ಎಂದ. ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಅದನ್ನು ಹೇಳಿಕೊಂಡು ಇಡೀ ದಿನ ನಕ್ಕಳು. ಅವಳು ಬದಲಾಗಿರಲಿಲ್ಲ, ಮೊಣಕಾಲು ಅದೇ, ಹಸಿವು ಅದೇ.

ಅದೇ ವಾರ ನೀವು ತಂಗುದಾಣ ನೋಡಲು ಬಂದಿರಿ. ಸಂಜೆ ಹೊತ್ತು, ಜೊತೆಗೆ ಫೋಟೊ ತೆಗೆಯುವವರು. ಕಂಬಳಿ ಹಂಚುವ ಕಾರ್ಯಕ್ರಮ. ಸಾಲಿನಲ್ಲಿ ಯಮನಮ್ಮನನ್ನು ಕಂಡು ನೀವು ನಿಂತಿರಿ. "ಈ ಅಮ್ಮ ಯಾರು? ಇಳಕಲ್ ಸೀರೆ ಉಟ್ಟವರು ನಿರಾಶ್ರಿತರೇನ್ರೀ? ಮನೆಯಲ್ಲಿ ಜಗಳ ಮಾಡಿಕೊಂಡು ಬಂದವರೆಲ್ಲ ಇಲ್ಲಿ ಮಲಗಿದರೆ ನಿಜವಾದ ಬಡವರು ಎಲ್ಲಿ ಹೋಗಬೇಕು?" ಎಂದಿರಿ. ನಾನು ಬಾಗಿಲ ಹತ್ತಿರವೇ ಇದ್ದೆ. ಕಂಬಳಿ ಮುಂದಿನವರಿಗೆ ಹೋಯಿತು. ಮರುದಿನ ಪೇಪರಿನಲ್ಲಿ ನಿಮ್ಮ ಫೋಟೊ ಬಂತು, ಮುಂದಿನ ಸಾಲಿನಲ್ಲಿ ಹರಿದ ಬಟ್ಟೆಯವರೇ ಇದ್ದರು. ಫೋಟೊ ಚೆನ್ನಾಗಿಯೇ ಬಂದಿದೆ, ಅದರಲ್ಲಿ ಎರಡು ಮಾತಿಲ್ಲ. ಅಂದು ಸಂಜೆಯಿಂದಲೇ ಯಮನಮ್ಮನಿಗೆ ಬಾಗಿಲು ಮುಚ್ಚಿತು. "ಸಾಹೇಬ್ರು ಹೇಳ್ಯಾರವ್ವ" ಎಂದ ಕಾವಲುಗಾರ. "ನೋಡಿದ ಕೂಡ್ಲೇ ಗೊತ್ತಾಗಬೇಕಂತ, ಇವರು ಇಲ್ಲದೋರು ಅಂತ."

ನಿಮ್ಮ ಫಲಕದ ಮೇಲೆ ಮನೆ ಇಲ್ಲದವರಿಗೆ ಎಂದು ಬರೆದಿದೆ. ಬಟ್ಟೆ ಇಲ್ಲದವರಿಗೆ ಎಂದು ಬರೆದಿಲ್ಲ. ಸೀರೆಗೆ ಬಾಗಿಲು ಇರುತ್ತದೆಯೇ? ಅದರ ನೆರಿಗೆಯಲ್ಲಿ ಒಲೆ ಹೂಡಬಹುದೇ? ಎಷ್ಟೇ ಉದ್ದದ ಸೀರೆಯಾದರೂ ಅದರಲ್ಲಿ ಒಂದು ಕೋಣೆ ಆಗುವುದಿಲ್ಲ. ಬಡತನ ದೂರದಿಂದಲೇ ಕಾಣಬೇಕು ಎಂಬುದು ನಿಮ್ಮ ನಿಯಮವಾದರೆ, ಹರಕು ಎಷ್ಟಿರಬೇಕು ಎಂದು ಒಂದು ಆದೇಶ ಹೊರಡಿಸಿರಿ, ನಮಗೂ ಅನುಕೂಲ. ಮೊಣಕಾಲ ಹತ್ತಿರ ಹರಿದಿದ್ದರೆ ಸಾಕೋ, ಬೆನ್ನೂ ಕಾಣಬೇಕೋ? ತೇಪೆ ಹಾಕಿದ್ದನ್ನು ಹರಿದದ್ದು ಎನ್ನುತ್ತೀರೋ, ಹೊಲಿದದ್ದು ಎನ್ನುತ್ತೀರೋ? ಹಾಜಿರಾಬೀ ಅಕ್ಕ ಯಂತ್ರದ ಮುಂದೆ ಕೂತು ಇದನ್ನೇ ಕೇಳುತ್ತಾಳೆ. "ನಾ ಈಗ ಹೊಲೀಲೇನೋ, ಬಿಚ್ಚಲೇನೋ? ನಿಮ್ಮ ಸಾಹೇಬ್ರನ್ನ ಕೇಳಿ ಬಾ ಹೋಗು. ಬಿಚ್ಚೋದಾದ್ರ ದಾರದ ಖರ್ಚರ ಉಳೀತೈತಿ."

ನೀವು ಇದನ್ನು ಒಬ್ಬ ಮುದುಕಿಯ ಮಾತು ಎಂದು ತಳ್ಳಿಬಿಡಬಾರದು. ನಿಮ್ಮಲ್ಲೇ ಮಲಗುವ ಸೂಗಪ್ಪ ಎಂಬ ಹಮಾಲನಿದ್ದಾನೆ. ಬೆಳಿಗ್ಗೆ ಗೋದಾಮಿನ ಮುಂದೆ ಚೀಲ ಹೊರುವವರನ್ನು ಆರಿಸುವ ಮುಕಾದಮ ಹರಿದ ಬನಿಯನ್ ಕಂಡರೆ ಕುಡುಕನಿರಬೇಕು ಎಂದು ಆಚೆ ನಿಲ್ಲಿಸುತ್ತಾನೆ. ಅದಕ್ಕೇ ಸೂಗಪ್ಪನಿಗೆ ನಾವು ಒಂದು ಗಟ್ಟಿ ಅಂಗಿ ಕೊಟ್ಟೆವು. ಅವನಿಗೆ ಕೆಲಸ ಸಿಗತೊಡಗಿತು. ನಿಮ್ಮ ಭೇಟಿಯಾದ ಮೇಲೆ ಅವನು ಅಂಗಿಯನ್ನು ಸಂಜೆ ಬಿಚ್ಚಿ ಪಾನ್ ಅಂಗಡಿಯವನ ಹತ್ತಿರ ಇಡುತ್ತಾನೆ, ಹಳೇ ಹರಕು ಬನಿಯನ್ ತೊಟ್ಟು ನಿಮ್ಮ ಬಾಗಿಲಿಗೆ ಬರುತ್ತಾನೆ. "ನಾಟಕದಾಗ ಪಾರ್ಟು ಕಟ್ಟಿದಂಗ ಐತ್ರಿ ಯಕ್ಕ" ಎಂದ ನನಗೆ. "ಖರೇನ ಬಡವ ಇದ್ದೀನಿ. ಬಡವನ ಪಾರ್ಟು ಬ್ಯಾರೆ ಮಾಡಬೇಕಾಗೈತಿ." ಬೆಳಿಗ್ಗೆ ಅನ್ನಕ್ಕೆ ಒಂದು ಅಂಗಿ, ಸಂಜೆ ನೆಲಕ್ಕೆ ಇನ್ನೊಂದು. ಚಳಿಯಲ್ಲಿ ರಸ್ತೆ ಬದಿ ನಿಂತು ಒಬ್ಬ ಮನುಷ್ಯ ಹೀಗೆ ದಿನವೂ ಬಟ್ಟೆ ಬದಲಿಸಬೇಕಾಗಿರುವುದು ಯಾವ ಯೋಜನೆಯ ಕೆಳಗೆ ಬರುತ್ತದೆ, ತಿಳಿಸಿರಿ.

ಸೂಗಪ್ಪನ ದಾರಿಯನ್ನೇ ಯಮನಮ್ಮನಿಗೂ ಹಿಡಿಸಲು ನೋಡಿದೆ. ನಿಮ್ಮ ಕಾವಲುಗಾರ ಕೆಟ್ಟ ಮನುಷ್ಯನಲ್ಲ. ಅವನೇ ಹೇಳಿದ, "ಒಂದು ಹರಕು ಸೀರಿ ಉಡಿಸಿ ಕರ್ಕೊಂಡು ಬಾರವ್ವ, ನಾ ಒಳಗ ಬಿಡ್ತೀನಿ." ಹರಕು ಸೀರೆ ನಮ್ಮ ಹತ್ತಿರ ಇರಲಿಲ್ಲ, ಇದ್ದವನ್ನೆಲ್ಲ ಹೊಲಿದುಬಿಟ್ಟಿದ್ದೆವು. ಗಂಟಿನಿಂದ ಒಂದು ನೂಲಿನ ಸೀರೆ ತೆಗೆದುಕೊಂಡು ಹೋಗಿ, ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಅಂಚನ್ನು ಹಲ್ಲಿಗೆ ಹಿಡಿದು ಹರಿಯಲು ಹೋದೆ. ಅವಳು ನನ್ನ ಕೈ ಹಿಡಿದಳು.

"ಏನ್ ಮಾಡಾಕತ್ತೀಯವ್ವ?"

"ಹರದದ್ದು ಉಟ್ಗೊಂಡ್ರ ಒಳಗ ಬಿಡ್ತಾರಂತ ಯಮ್ಮಾ."

"ಛಲೋ ಅರಿವಿ ಯಾವಾಗ ಹರೀತಾರ, ಗೊತ್ತೈತೇನು ನಿನಗ? ಹೆಣಕ್ಕ ಹೊದಿಸೋವಾಗ. ನಾ ಇನ್ನಾ ಉಸಿರಾಡಾಕತ್ತೀನಿ. ಮಡಚಿ ಇಡು ಅದನ್ನ."

"ಚಳಿ ಐತಿ. ಕೆಮ್ಮಾಕತ್ತೀಯಲ್ಲ."

"ಚಳಿ ನನಗ ಹಳೇದು. ಸೀರಿ ಹೊಸದು."

ನಾನು ಮಡಚಿ ಅವಳ ಪಕ್ಕದಲ್ಲೇ ಇಟ್ಟೆ. ನೀವು ಆ ಕಟ್ಟೆಯ ಮೇಲೆ ಕೂತಿದ್ದರೆ ಏನು ಮಾಡುತ್ತಿದ್ದಿರಿ? ಮೊಂಡು ಮುದುಕಿ, ಒಂದು ಬಟ್ಟೆಯ ಆಸೆಗೆ ಬೆಚ್ಚಗಿನ ಜಾಗ ಬಿಟ್ಟಳು ಎನ್ನುತ್ತಿದ್ದಿರೇನೋ. ನನಗೂ ಮೊದಲು ಹಾಗೇ ಅನ್ನಿಸಿ ಸಿಟ್ಟು ಬಂದಿತ್ತು. ಮನೆಗೆ ಬಂದು ಹೊರಳಾಡುತ್ತ ಯೋಚಿಸಿದೆ. ಹಸಿದವರು ಊಟ ಬೇಡವೆಂದರೆ ಸೊಕ್ಕು ಎನ್ನುತ್ತೇವೆ. ಊಟ ಹಾಕುವ ಮೊದಲು ನಾಯಿಯಂತೆ ಕೂರು ಎಂದರೂ ಅವರು ಕೂರಬೇಕೇ? ಕೂರದಿದ್ದರೆ ಅದೂ ಸೊಕ್ಕೇ?

ಮೊನ್ನೆ ಬೆಳಿಗ್ಗೆ ಹೋದರೆ ಕಟ್ಟೆ ಖಾಲಿ ಇತ್ತು. ಪಕ್ಕದವರಿಗೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದೆ, ದವಾಖಾನೆಯಲ್ಲಿ ಹೆಂಗಸರ ವಾರ್ಡಿನ ಹಾಸಿಗೆ ಹಾಸಿಗೆ ನೋಡಿದೆ. ಕೇಳಬೇಕಾದ ಇನ್ನೊಂದು ಜಾಗ ಇತ್ತು, ಅಲ್ಲಿಗೆ ಹೋಗಲು ಕಾಲು ಬರಲಿಲ್ಲ. ಕೊನೆಗೆ ಹಳ್ಳದ ದಂಡೆಯಲ್ಲಿ ಸಿಕ್ಕಳು. ನಾನು ಹರಿಯದೆ ಬಿಟ್ಟ ನೂಲಿನ ಸೀರೆ ಉಟ್ಟು, ಇಳಕಲ್ ಸೀರೆಯನ್ನು ಒಗೆದು ಬಂಡೆಯ ಮೇಲೆ ಹರವಿ, ಪಕ್ಕದಲ್ಲಿ ಬಿಸಿಲಿಗೆ ಕೂತಿದ್ದಳು. ನನ್ನ ಮುಖ ನೋಡಿ, "ಸತ್ತೀನಂತ ತಿಳಕೊಂಡೇನು? ಸತ್ರ ಈ ಸೀರಿ ಮತ್ತ ನಿನ್ನ ಗಂಟಿಗೇ ಬರ್ತೈತಿ, ಚಿಂತಿ ಬಿಡು" ಎಂದಳು. ಆಮೇಲೆ ಸೆರಗಿನ ಒಂದು ಕಡೆ ಎತ್ತಿ ತೋರಿಸಿದಳು. ಕಟ್ಟೆಯ ಒರಟು ಕಲ್ಲಿಗೆ ಉಜ್ಜಿ ಉಜ್ಜಿ ನೂಲು ಸವೆದು ಜಾಳಾಗಿತ್ತು.

"ಇನ್ನೊಂದು ತಿಂಗಳ ಹೊರಗ ಮಲಗಿದ್ರ ತಾನಾ ಹರೀತೈತಿ. ಆವಾಗ ನಿಮ್ಮ ಸಾಹೇಬ್ರು ಒಳಗ ಬಾ ಅಂತಾರ ನೋಡು."

ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಅವಳ ಬೆನ್ನು ಸವರುತ್ತ ಕೂತೆ. ಕೈಗೆ ಎಲುಬೇ ಸಿಗುತ್ತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಬಾಗಿಲಲ್ಲಿ ಬಟ್ಟೆ ನೋಡುವುದನ್ನು ನಿಲ್ಲಿಸಿರಿ. ಬಂದವರನ್ನು ನಿನ್ನೆ ಎಲ್ಲಿ ಮಲಗಿದ್ದೆ ಎಂದು ಕೇಳಿರಿ, ಸಂಶಯ ಬಂದರೆ ಹೋಗಿ ಆ ಕಟ್ಟೆಯನ್ನು ನೋಡಿ ಬನ್ನಿರಿ. ಸೂಗಪ್ಪ ದುಡಿದ ಅಂಗಿಯಲ್ಲೇ ಒಳಗೆ ಬರಲಿ. ಯಮನಮ್ಮನನ್ನು ಇಂದು ಸಂಜೆಯೇ ಕರೆದುಕೊಂಡು ಬರುತ್ತೇನೆ, ಇಳಕಲ್ ಸೀರೆಯನ್ನೇ ಉಟ್ಟಿರುತ್ತಾಳೆ. ಬಾಗಿಲು ತೆಗೆಸಿರಿ. ಹೊತ್ತಾಗುತ್ತಿದೆ, ಸಾಹೇಬರೇ. ಸೀರೆ ಮೊದಲು ಹರಿಯುತ್ತದೋ, ಅವಳ ಉಸಿರು ಮೊದಲು ಹರಿಯುತ್ತದೋ ಎಂದು ಕಾದು ನೋಡುವ ಧೈರ್ಯ ನನಗಿಲ್ಲ. ನಿಮಗಿದ್ದರೆ ಹಾಗೆಂದು ಬರೆದು ಕಳಿಸಿರಿ.

ಇಂತಿ,
ಹರಿದದ್ದನ್ನೆಲ್ಲ ಹೊಲಿದು ಕೊಟ್ಟು ನಿಮ್ಮ ಕೆಲಸ ಕೆಡಿಸಿದ
ದುರ್ಗಾದೇವಿ