ಬಾಗಿದ ಹನ್ನೊಂದು ಪಿನ್ನು

ಸೆಪ್ಟೆಂಬರ್ 3, ಬೆಳಿಗ್ಗೆ 7.10

ಪಿಸಿ ಪಾರ್ಟ್ಸಿನ ಲಿಸ್ಟು ಒಂಬತ್ತನೇ ಸಲ ಬರೆದೆ. ಎಂಟನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್ ದೊಡ್ಡದಾಯಿತು, ಅದಕ್ಕೆ ಕರೆಂಟ್ ಕೊಡುವ ಪವರ್ ಸಪ್ಲೈ ಸಣ್ಣದಾಯಿತು. ಆನೆಯ ಮುಂದೆ ಬೆಕ್ಕಿನ ಬಟ್ಟಲಲ್ಲಿ ನೀರಿಟ್ಟ ಹಾಗೆ. ಸಪ್ಲೈ ಸರಿ ಮಾಡಿದರೆ ಪ್ರೊಸೆಸರ್‌ಗೆ ದುಡ್ಡಿಲ್ಲ. ಪ್ರೊಸೆಸರ್ ಸರಿ ಮಾಡಿದರೆ ಮಾನಿಟರೇ ಇಲ್ಲ. ಮಾನಿಟರ್ ಇಲ್ಲದ ಗೇಮಿಂಗ್ ಪಿಸಿ… ಬರೀ ಫ್ಯಾನು.

ಎಲ್ಲಾ ನಲವತ್ತು ಸಾವಿರದೊಳಗೆ ಮುಗಿಯಬೇಕು. ದುಡ್ಡು ಅಕ್ಕನದು. ಭಯ ನನ್ನದು.

ಅಕ್ಕ ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಮಾಡುತ್ತಾಳೆ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ಅಕ್ಕ ಮೇಣದಲ್ಲಿ ಹಲ್ಲು ಕೆತ್ತುತ್ತಾಳೆ. ಈಗ ಓನರ್ ಮಷಿನ್ ತಂದಿದ್ದಾನೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಕೊಟ್ಟರೆ ಮಷಿನ್ನೇ ಕಡೆದು ಕೊಡುತ್ತದೆ. ಇಪ್ಪತ್ತೆಂಟನೇ ತಾರೀಖು ಟೆಸ್ಟು. ನಾಲ್ಕು ಜನರಲ್ಲಿ ಇಬ್ಬರು ಉಳಿಯುತ್ತಾರೆ, ಇಬ್ಬರು ಮನೆಗೆ. ಲ್ಯಾಬಿನ ಕಂಪ್ಯೂಟರ್ ಒಬ್ಬೊಬ್ಬರಿಗೆ ಸಿಗುವುದು ದಿನಕ್ಕೆ ಇಪ್ಪತ್ತು ನಿಮಿಷ. ಮನೆಯಲ್ಲಿ ಒಂದಿದ್ದರೆ ಮಾತ್ರ ಅಕ್ಕನಿಗೆ ಚಾನ್ಸು.

ಆ ಡಿಸೈನ್ ಸಾಫ್ಟ್‌ವೇರಿಗೆ ಏನೇನು ಬೇಕು ಅಂತ ಓದಿದೆ. ನಗು ಬಂತು. ಅಕ್ಷರಶಃ ಗೇಮಿಂಗ್ ಪಿಸಿ. ಹೇಳಿದ್ದಕ್ಕೆ ಅಕ್ಕ, “ಹಾಗಾದ್ರೆ ಒಳ್ಳೇದೇ ಆಯ್ತು. ನಂಗೆ ಹಲ್ಲು, ನಿಂಗೆ ಆಟ. ನೀನೇ ಆರ್ಸು ಕಣೇ. ಇಂಗ್ಲಿಷ್ ಸ್ಕೂಲಲ್ಲಿ ಓದಿದೋಳು” ಅಂದಳು.

ಹಾಸ್ಟೆಲಿನಲ್ಲಿ ಏಳು ವರ್ಷ ಇದ್ದೆ ನಿಜ. ಆಡಿದ್ದು ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ, ಸರದಿಯಂತೆ ಹತ್ತು ಹತ್ತು ನಿಮಿಷ. ಪಿಸಿಯ ಒಳಗೆ ಏನಿರುತ್ತದೆ ಅಂತ ಕಣ್ಣಾರೆ ನೋಡಿಲ್ಲ. ಇದನ್ನು ಅಕ್ಕನಿಗೆ ಹೇಳಿಲ್ಲ.

ಬಸ್ಸಿಗೆ ಲೇಟು.

ಸೆಪ್ಟೆಂಬರ್ 5, ಸಂಜೆ 6.30

ಕಾಲೇಜಿನಿಂದ ನೇರ ಲ್ಯಾಬಿಗೆ ಹೋದೆ. ಅಕ್ಕನಿಗೆ ಲಿಸ್ಟು ತೋರಿಸಬೇಕಿತ್ತು. “ಎರಡು ನಿಮಿಷ ಕೂತ್ಕೊ” ಅಂದಳು. ಮುಕ್ಕಾಲು ಗಂಟೆ ಕೂತೆ. ಬೇಜಾರಾಗಲಿಲ್ಲ.

ಉದ್ದನೆ ಬೆಂಚು, ಅದರ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು. ಪ್ರತಿಯೊಂದಕ್ಕೂ ನಂಬರ್. ಅಕ್ಕ ತಲೆಗೆ ಭೂತಗನ್ನಡಿ ಕಟ್ಟಿಕೊಂಡು ಮೇಣದ ಹನಿ ಬಿಡುತ್ತಾಳೆ, ಕೆರೆಯುತ್ತಾಳೆ, ಊದುತ್ತಾಳೆ. ಕೈ ಅಲ್ಲಾಡುವುದೇ ಇಲ್ಲ. ಕಿರುಬೆರಳು ಬೆಂಚಿಗೆ ಊರಿಕೊಂಡು ಮಿಕ್ಕ ನಾಲ್ಕು ಮಾತ್ರ ಕೆಲಸ ಮಾಡುತ್ತವೆ. ನೋಡುನೋಡುತ್ತಾ ಒಂದು ಮೇಣದ ಉಂಡೆಗೆ ಉಬ್ಬು ಬಂತು, ತಗ್ಗು ಬಂತು, ದವಡೆಹಲ್ಲಾಯಿತು.

“ಯಾರದ್ದಿದು?”

“ಯಾರದ್ದೋ. ಬಲಗಡೆ ಜಾಸ್ತಿ ಅಗೀತಾರೆ. ನಿದ್ದೇಲಿ ಹಲ್ಲು ಕಡೀತಾರೆ. ಸಿಡುಕು ಇರ್ಬೇಕು.”

“ಹೇಗೆ ಗೊತ್ತು?”

“ಸವೆದಿರೋದು ನೋಡು. ಎಲ್ಲಾ ಬರ್ದಿರತ್ತೆ.”

ನನ್ನ ಬಾಯಿ ನಾನೇ ಮುಚ್ಚಿಕೊಂಡೆ. ಅಕ್ಕ ನಕ್ಕಳು. “ನಿನ್ನದು ನೋಡಿ ಆಗಿದೆ ಬಿಡು. ಉಗುರು ಕಚ್ತೀಯ.”

ಬೇಸಿಗೆ ರಜೆಯಲ್ಲಿ ಮಾತ್ರ ಸಿಗುತ್ತಿದ್ದ ಅಕ್ಕ. ಏಳು ವರ್ಷ ಅವಳು ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ “ಲ್ಯಾಬಲ್ಲಿದಾಳೆ” ಅಂದುಬಿಡುತ್ತಿದ್ದೆ. ಬ್ಲಡ್ ಟೆಸ್ಟ್ ಲ್ಯಾಬು ಅಂತ ಅಂದುಕೊಳ್ಳಲಿ ಅಂತ. ಥೂ.

ಸೆಪ್ಟೆಂಬರ್ 8, ಭಾನುವಾರ, ಸಂಜೆ

ತಂದೆವು. ಎಲ್ಲಾ ತಂದೆವು!!

ಹಳೇ ಪಾರ್ಟ್ಸ್ ಮಾರುವ ಗಲ್ಲಿ. ಅಂಗಡಿಯವನಿಗೆ ನಾನಿಟ್ಟ ಹೆಸರು ಸ್ಕ್ರೂ ಅಂಕಲ್. ಕೆಲಸ ಮಾಡುವಾಗ ಎರಡು ಸ್ಕ್ರೂ ಹಲ್ಲಲ್ಲೇ ಕಚ್ಚಿಕೊಂಡಿರುತ್ತಾನೆ, ಅವುಗಳ ಸಂದಿಯಿಂದಲೇ ಮಾತು. ಅಕ್ಕನಿಗೆ ತಡೆಯಲಾಗಲಿಲ್ಲ.

“ಮುಂದಿನ ಹಲ್ಲು ಚೂರು ಎದ್ದಿದೆ ನಿಮ್ದು. ಹೀಗೇ ಕಚ್ತಾ ಇದ್ರೆ ಎರಡು ವರ್ಷದಲ್ಲಿ ನಮ್ಮ ಲ್ಯಾಬಿಗೇ ಬರ್ತೀರ.”

“ಬಂದ್ರೆ ಡಿಸ್ಕೌಂಟ್ ಕೊಡ್ತೀರಾ?”

“ಈಗ ನೀವು ಕೊಟ್ಟಷ್ಟೇ.”

ಕೊಟ್ಟ! ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಸಾವಿರ ಬಿಟ್ಟ. ನನ್ನ ಒಂಬತ್ತು ಲಿಸ್ಟಿಗೂ ಆಗದ ಕೆಲಸ.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಹಳೇ ಪಾರ್ಟು ತೆಗೆದುಕೊಂಡವರು ಸ್ಟೂಲಿನ ಮೇಲೆ ಒಂದು ಗಂಟೆ ಕೂರಬೇಕು. ಕಣ್ಣೆದುರಿಗೇ ಅದನ್ನು ಫುಲ್ ಲೋಡಿನಲ್ಲಿ ಓಡಿಸುತ್ತಾನೆ. ಒಂದು ಗಂಟೆ ಆಗುವವರೆಗೂ ದುಡ್ಡು ಮುಟ್ಟುವುದಿಲ್ಲ. ಎದ್ದು ಹೋದರೆ ಮತ್ತೆ ಮೊದಲಿಂದ. ಕೂತೆವು. ಕಾರ್ಡು, ಬೋರ್ಡು, ಪ್ರೊಸೆಸರ್ ಮೂರೂ ಪಾಸು. ಪ್ರೊಸೆಸರ್ ಮೇಲೆ ಅದನ್ನು ತಣ್ಣಗಿಡುವ ಕೂಲರ್ ಕೂರಿಸಿಯೇ ಕೊಟ್ಟ. “ಇದನ್ನ ಹೀಗೇ ಕ್ಯಾಬಿನೆಟ್‌ಗೆ ಹಾಕು. ಕೂಲರ್ ಮಾತ್ರ ಮುಟ್ಬೇಡ, ಆಯ್ತಾ?”

ಆಯ್ತು.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ. ಮಾನಿಟರ್ ಎರಡಿತ್ತು. ಒಂದು ಸಾದಾ. ಇನ್ನೊಂದು ಫಾಸ್ಟು — ಗೇಮಿನಲ್ಲಿ ತಿರುಗಿದರೆ ಬೆಣ್ಣೆಯ ಹಾಗೆ ಜಾರುತ್ತೆ. ಅದನ್ನು ತೆಗೆದುಕೊಂಡರೆ ಮೆಮೊರಿ ಅರ್ಧ ಇಳಿಸಬೇಕು, ಮೂವತ್ತೆರಡು ಜಿಬಿ ಬದಲು ಎಂಟೆಂಟರ ಎರಡು ಕಡ್ಡಿ. ಅಕ್ಕ ಕೇಳಿದಳು, “ಈ ಪರದೇನೇ ಬೇಕಾ ನನ್ನ ಕೆಲಸಕ್ಕೆ?”

“ಬೇಕು” ಅಂದೆ. ಮುಖ ನೋಡದೆ.

“ಸರಿ ಹಾಗಾದ್ರೆ” ಅಂದು ಪರ್ಸು ತೆಗೆದಳು. ಅಷ್ಟೇ.

ಸೆಪ್ಟೆಂಬರ್ 9, ಮಧ್ಯಾಹ್ನ 4.40

ಕೂಲರ್ ಮುಟ್ಟಿದೆ.

ವಿಡಿಯೋದಲ್ಲಿ ಹೇಳಿದ್ದರು, ಹಳೇ ಪ್ರೊಸೆಸರ್ ಆದರೆ ಅದಕ್ಕೂ ಕೂಲರಿಗೂ ನಡುವಿನ ಪೇಸ್ಟು ಒಣಗಿರುತ್ತದೆ, ಬದಲಾಯಿಸಿ. ಒಣಗಿದ್ದರೆ? ಬಿಸಿಯಾಗಿ ಸುಟ್ಟುಹೋದರೆ? ಅಕ್ಕನ ಟೆಸ್ಟಿನ ಹಿಂದಿನ ದಿನವೇ ಸುಟ್ಟರೆ? ಕ್ಲಾಸಿನಲ್ಲಿ ಇಡೀ ದಿನ ಇದೇ. ಮನೆಗೆ ಬಂದವಳೇ ಕ್ಲಿಪ್ ಬಿಚ್ಚಿ ಎಳೆದೆ. ಮೊದಲು ತಿರುಗಿಸಿ ಸಡಿಲ ಮಾಡಬೇಕಂತೆ. ಅದನ್ನು ಓದಿದ್ದು ಆಮೇಲೆ. ನಾನು ನೇರ ಎಳೆದಿದ್ದೆ.

ಟಕ್.

ಪೇಸ್ಟು ಅಂಟಿನ ಹಾಗೆ ಹಿಡಿದಿತ್ತು. ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರ್ ಜೊತೆಗೇ ಎದ್ದು ಬಂತು. ಗಾಬರಿಯಲ್ಲಿ ಕೈಬಿಟ್ಟೆ. ಪಿನ್ನಿನ ಕಡೆಯೇ ಟೇಬಲ್ ಅಂಚಿಗೆ ಬಡಿಯಿತು. ಕೂದಲಿನಷ್ಟು ತೆಳು ಪಿನ್ನು, ಸಾವಿರಕ್ಕೂ ಹೆಚ್ಚು. ಒಂದು ಮೂಲೆಯಲ್ಲಿ ಮಲಗಿಬಿಟ್ಟಿವೆ. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ.

ಹೊಸದಕ್ಕೆ ದುಡ್ಡಿಲ್ಲ. ಹತ್ತೊಂಬತ್ತು ದಿನ ಉಳಿದಿದೆ.

ಸೆಪ್ಟೆಂಬರ್ 10

ಹೇಳಲಿಲ್ಲ. “ಡ್ರೈವರ್ ಡೌನ್‌ಲೋಡ್ ಆಗ್ತಿದೆ” ಅಂದೆ. ಆನ್ ಆಗದ ಕಂಪ್ಯೂಟರಿಗೆ ಡ್ರೈವರ್. ಅಕ್ಕ ತಲೆ ಆಡಿಸಿದಳು, ನಂಬಿದಳು.

ಸೆಪ್ಟೆಂಬರ್ 11

ಇವತ್ತೂ.

ಸೆಪ್ಟೆಂಬರ್ 13, ರಾತ್ರಿ ಊಟಕ್ಕೆ ಮುಂಚೆ

ಹೇಳಿದೆ.

ಅಕ್ಕ ಲ್ಯಾಬಿನಿಂದ ಬಂದು ಕೈ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು ಎಲ್ಲಾ ಒಂದೇ ಉಸಿರಿನಲ್ಲಿ ಹೇಳಿದೆ, ಹಾಸ್ಟೆಲ್ ವಾರ್ಡನ್ ಮುಂದೆ ಹೇಳುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು. ಅಮ್ಮ ಆಸ್ಪತ್ರೆಯ ಲಾಂಡ್ರಿ ಡ್ಯೂಟಿಯಿಂದ ಬಂದಿರಲಿಲ್ಲ, ಪುಣ್ಯ.

ಬೈಯುತ್ತಾಳೆ ಅಂತ ಕಾದೆ. ನಲ್ಲಿ ನಿಲ್ಲಿಸಿದಳು. “ಎಷ್ಟು ಬಾಗಿವೆ?”

“ಹನ್ನೊಂದು.”

“ಹನ್ನೊಂದಾ? ಒಂದು ಬಾಯಲ್ಲಿ ಮೂವತ್ತೆರಡು ಇರ್ತಾವೆ ಮಹಾರಾಯ್ತಿ. ತಗೊಂಡ್ ಬಾ.”

ಬ್ಯಾಗಿನಿಂದ ಭೂತಗನ್ನಡಿ, ಮೇಣ ಕೆರೆಯುವ ಸಣ್ಣ ಅಲಗು. ಟೇಬಲ್ ಲ್ಯಾಂಪ್ ಬಗ್ಗಿಸಿದಳು. ಪ್ರೊಸೆಸರನ್ನು ಅಚ್ಚಿನ ಜೇಡಿಯಲ್ಲಿ ಒತ್ತಿ ಕೂರಿಸಿದಳು, ಅಲ್ಲಾಡದ ಹಾಗೆ. ಕಿರುಬೆರಳು ಊರಿದಳು.

“ಒಂದೇ ಸಲ ಎತ್ಬಾರ್ದು. ಲೋಹಕ್ಕೂ ನೋವಾಗತ್ತೆ. ಸ್ವಲ್ಪ ಎತ್ತು, ಬಿಡು. ಇನ್ನು ಸ್ವಲ್ಪ ಎತ್ತು, ಬಿಡು.”

ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುತ್ತೋ ಅಂತ ನಾನು ಉಸಿರೇ ಬಿಡಲಿಲ್ಲ. ಒಂದು ಪಿನ್ನಿಗೆ ಹತ್ತು ನಿಮಿಷ. ನಡುವೆ ಕಣ್ಣು ಮುಚ್ಚಿ ಕೂರುತ್ತಾಳೆ, ಬೆರಳು ಉಜ್ಜುತ್ತಾಳೆ, ಮತ್ತೆ ಬಗ್ಗುತ್ತಾಳೆ. ಹತ್ತು ಎದ್ದು ನಿಂತವು — ಸಾಲಿನಲ್ಲಿ, ನೆಟ್ಟಗೆ, ಯಾವುದು ಬಾಗಿತ್ತು ಅಂತ ನನಗೇ ಹೇಳಲು ಆಗುವುದಿಲ್ಲ. ಕಾಲೇಜಿನಲ್ಲಿ ಪ್ರೊಫೆಸರುಗಳನ್ನು ನೋಡಿದ್ದೇನೆ, ಹಾಸ್ಟೆಲಿನಲ್ಲಿ ಟಾಪರುಗಳ ಜೊತೆ ಇದ್ದೆ. ಇಷ್ಟು ಚೆನ್ನಾಗಿ ಒಂದು ಕೆಲಸ ಗೊತ್ತಿರುವವರನ್ನು ನೋಡಿಲ್ಲ. ನಿಜವಾಗಿಯೂ ನೋಡಿಲ್ಲ.

ಹನ್ನೊಂದನೆಯದು ಬುಡದಲ್ಲಿ ಮುರಿಯಿತು.

ಅಕ್ಕ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು. ನನ್ನ ಕಣ್ಣಲ್ಲಿ ನೀರು. “ಅಳ್ಬೇಡ. ಇದು ಮೊದ್ಲೇ ಸತ್ತಿತ್ತು.” ಆಮೇಲೆ, “ನಾಲ್ಕು ದಿನ ಒಬ್ಳೇ ಇಟ್ಕೊಂಡಿದ್ಯಲ್ಲ. ಹಾಸ್ಟೆಲಲ್ಲೂ ಹೀಗೇನಾ? ಜ್ವರ ಬಂದ್ರೂ?”

ಉಗುರು ಕಚ್ಚಿದೆ. ಅವಳಿಗೆ ಗೊತ್ತಾಯಿತು.

ಸೆಪ್ಟೆಂಬರ್ 14, ಬೆಳಿಗ್ಗೆ 9

ಆನ್ ಆಯಿತು!!! ಫ್ಯಾನ್ ತಿರುಗಿತು, ಪರದೆಯಲ್ಲಿ ಅಕ್ಷರ ಬಂತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿ ಏನಾಯ್ತು ಅಂದರು. ಅಕ್ಕ “ಹುಟ್ತು” ಅಂದಳು.

9.50 — ಪೂರ್ತಿ ಖುಷಿಪಡುವ ಹಾಗಿಲ್ಲ. ಮುರಿದ ಪಿನ್ನು ಮೆಮೊರಿಯದಂತೆ. ಎರಡು ಸ್ಲಾಟಿನಲ್ಲಿ ಒಂದೇ ಕೆಲಸ ಮಾಡುತ್ತಿದೆ. ಎರಡು ಕಡ್ಡಿಯಲ್ಲಿ ಒಂದು ವೇಸ್ಟು. ಬರೀ ಎಂಟು ಜಿಬಿ. ಒಂದು ತಿಂಗಳ ಫ್ರೀ ಸಾಫ್ಟ್‌ವೇರ್ ಹಾಕಿದೆವು, ತೆರೆಯಿತು. ಪರದೆಯಲ್ಲಿ ಇಡೀ ದವಡೆ ತೆರೆದ ತಕ್ಷಣ ಕಲ್ಲಾಗಿ ನಿಂತಿತು. ಮೂರು ಸಲ. ಮೂರು ಸಲವೂ.

ಇರುವ ಒಂದೇ ಸ್ಲಾಟಿಗೆ ಒಂದೇ ದೊಡ್ಡ ಕಡ್ಡಿ ಬೇಕು. ದುಡ್ಡು ಎಲ್ಲಿ? ನನಗೆ ಗೊತ್ತು ಎಲ್ಲಿ ಅಂತ. ನನ್ನ ಎದುರಿಗೇ ಇದೆ, ಬೆಣ್ಣೆಯ ಹಾಗೆ ಜಾರುತ್ತಿದೆ.

ಸಂಜೆ 7

ಮಾನಿಟರನ್ನು ಪೆಟ್ಟಿಗೆಗೆ ಹಾಕಿ ಹೊತ್ತುಕೊಂಡು ಹೋದೆವು. ಸಾದಾ ಮಾನಿಟರ್, ಒಂದೇ ಕಡ್ಡಿ ಮೂವತ್ತೆರಡು, ಲೆಕ್ಕ ಸಮ ಅಂದ ಸ್ಕ್ರೂ ಅಂಕಲ್. ಪ್ರೊಸೆಸರ್ ಕಥೆ ಕೇಳಿದಾಗ ಬಾಯಿಂದ ಸ್ಕ್ರೂ ತೆಗೆದ. “ಮುಟ್ಬೇಡ ಅಂದಿದ್ನಲ್ಲ!” ಆಮೇಲೆ ನನ್ನ ಫೋನಿನಲ್ಲಿದ್ದ ಪಿನ್ನಿನ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. “ಯಾರು ಮಾಡಿದ್ದು ಇದು?”

ಅಕ್ಕ ಪೆಟ್ಟಿಗೆಗೆ ದಾರ ಕಟ್ಟುತ್ತಿದ್ದಳು. ನಾನು ಬೆರಳು ತೋರಿಸಿದೆ.

“ಮೇಡಂ, ಭಾನುವಾರ ಫ್ರೀ ಇರ್ತೀರಾ? ನನ್ನ ಹತ್ರ ಇಂಥವು ಒಂದು ಡಬ್ಬ ಬಿದ್ದಿದೆ.”

ವಾಪಸ್ಸು ಬರುವಾಗ ಬಸ್‌ಸ್ಟಾಪಿನಲ್ಲಿ ಹೇಳಿಬಿಟ್ಟೆ. ಆ ಫಾಸ್ಟ್ ಮಾನಿಟರ್ ನಿನ್ನ ಕೆಲಸಕ್ಕೆ ಬೇಕಿರಲಿಲ್ಲ, ಸುಳ್ಳು ಹೇಳಿದೆ ಅಂತ.

“ಗೊತ್ತಿತ್ತು.”

“ಹೇಗೆ?”

“ಪೆಟ್ಟಿಗೆ ಮೇಲೆ ಕಾರ್ ರೇಸಿನ ಚಿತ್ರ ಇತ್ತಲ್ಲೇ, ಪೆದ್ದಿ.”

“ಮತ್ತೆ ಯಾಕೆ ಸುಮ್ನಿದ್ದೆ?”

ಬಸ್ಸು ಬರುವ ದಿಕ್ಕು ನೋಡುತ್ತಾ ಅಂದಳು. “ಏಳು ವರ್ಷ ಏನು ಬೇಕು ಅಂತ ಕೇಳಿದಾಗೆಲ್ಲ ನೀನು ಏನೂ ಬೇಡ ಅಂತಿದ್ದೆ. ಮೊದಲ್ನೇ ಸಲ ಬೇಕು ಅಂದೆ.”

ಬಸ್ಸು ಬಂತು. ಪೆಟ್ಟಿಗೆ ನನ್ನ ತೊಡೆಯ ಮೇಲೆ.

ಸೆಪ್ಟೆಂಬರ್ 20

ಅಕ್ಕ ದಿನಾ ಆರರಿಂದ ಎಂಟು. ಮೌಸ್ ಮೊದಮೊದಲು ಅವಳ ಮಾತು ಕೇಳುತ್ತಿರಲಿಲ್ಲ. “ಇದ್ರಲ್ಲಿ ಹಲ್ಲಿಗೆ ತೂಕಾನೇ ಇಲ್ಲ, ಕೈಗೆ ಏನೂ ಗೊತ್ತಾಗಲ್ಲ” ಅಂತ ಗೊಣಗಾಟ. ನಾನು ಇಂಗ್ಲಿಷ್ ಮೆನು ಓದಿ ಹೇಳುತ್ತೇನೆ, ಅವಳು ಸಾಫ್ಟ್‌ವೇರ್ ಕೊಟ್ಟ ಹಲ್ಲನ್ನು ನೋಡಿ ಬೈಯುತ್ತಾಳೆ. “ಇದು ಹಲ್ಲಲ್ಲ, ಸೋಪು.” ಅಳಿಸಿ ತಾನೇ ಉಬ್ಬು ತಗ್ಗು ಎಳೆಯುತ್ತಾಳೆ. ಮೊನ್ನೆ ಒಂದಕ್ಕೆ ಒಂದೂವರೆ ಗಂಟೆ. ಇವತ್ತು ನಲವತ್ತು ನಿಮಿಷ. ಮೆನು ಹೇಳಲು ಇವತ್ತು ಒಂದು ಸಲವೂ ನನ್ನನ್ನು ಕರೆಯಲಿಲ್ಲ.

ಟೆಸ್ಟಿನಲ್ಲಿ ಟೈಮು ಮೂವತ್ತು.

ಸೆಪ್ಟೆಂಬರ್ 26

ಮೂವತ್ತೊಂದು. ಮೂವತ್ತಮೂರು. ಮೂವತ್ತೊಂದು. ನನ್ನ ಎಲ್ಲಾ ಉಗುರೂ ಮುಗಿದವು.

ಸೆಪ್ಟೆಂಬರ್ 28, ಶನಿವಾರ, ಮಧ್ಯಾಹ್ನ 1.15

ಹತ್ತಕ್ಕೆ ಶುರುವಾಗಬೇಕಿತ್ತು. ಫೋನ್ ಇಲ್ಲ. ಅಮ್ಮ ಬಟ್ಟೆ ಮಡಿಸುತ್ತಿದ್ದಾಳೆ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಾಳೆ.

ಸಂಜೆ 5.30

ಬಂದಳು. ಚಪ್ಪಲಿ ಬಿಡುವ ಮುಂಚೆಯೇ “ಸಿಕ್ತು” ಅಂದಳು. ಅಮ್ಮ ಅಲ್ಲೇ ಕೂತುಬಿಟ್ಟಳು.

ಅಕ್ಕನಿಗೆ ಮೂವತ್ತನಾಲ್ಕು ನಿಮಿಷ ಆಯಿತಂತೆ. ಟೈಮ್ ಮುಗಿದರೂ ಮೌಸ್ ಬಿಡಲಿಲ್ಲವಂತೆ. ಓನರ್ “ಟೈಮಾಯ್ತಮ್ಮ” ಅಂದರೆ, “ಈ ಹಲ್ಲು ಹಾಕ್ಕೊಳ್ಳೋರಿಗೆ ಹತ್ತು ವರ್ಷ ಅಗೀಬೇಕು, ನಿಮಗೆ ನಾಲ್ಕು ನಿಮಿಷ ಕಾಯಕ್ಕಾಗಲ್ವಾ” ಅಂದಳಂತೆ! ನಾನಾಗಿದ್ದರೆ ಸತ್ತೇ ಹೋಗುತ್ತಿದ್ದೆ. ಮಿಕ್ಕವರ ಮೂರೂ ಹಲ್ಲು ಟೈಮಿಗೆ ಮುಗಿದಿದ್ದವು. ಮಷಿನ್ನಿನಲ್ಲಿ ಕಡೆದು ಅಚ್ಚಿನ ಮೇಲೆ ಕೂರಿಸಿ ನೋಡಿದಾಗ ಉಜ್ಜದೆ ಸರಿಯಾಗಿ ಕಚ್ಚಿದ್ದು ಅಕ್ಕನದೊಂದೇ. ಅವಳ ಜೊತೆ ಉಳಿದದ್ದು ಅವಳ ಪಕ್ಕ ಕೂರುವ ಹಿರಿಯರು. ಹೋಗುವ ಇಬ್ಬರಲ್ಲಿ ಒಬ್ಬಳಿಗೆ “ಸಂಜೆ ನಮ್ಮನೆಗೆ ಬಾ, ಕಲ್ತ್ಕೊ, ಬೇರೆ ಲ್ಯಾಬಲ್ಲಿ ಕೇಳೋಣ” ಅಂದಿದ್ದಾಳೆ. ಸೋಮವಾರದಿಂದ ಬರುತ್ತಾಳಂತೆ.

7.20

ಅಕ್ಕ ಮುಖ ತೊಳೆದು ಬಂದು ಕುರ್ಚಿ ಎಳೆದುಕೊಂಡು ಕೂತಳು. ಸಾಫ್ಟ್‌ವೇರ್ ತೆಗೆಯಲು ಹೋದೆ. ಕೈ ಹಿಡಿದಳು.

“ಅದು ಬೇಡ. ನಿನ್ನ ಆಟ ಹಾಕು. ತಂದಾಗಿಂದ ನೀನು ಒಂದ್ಸಲಾನೂ ಆಡಿಲ್ಲ.”

ಹಾಕಿದೆ. ಕೀ ಹೇಳಿಕೊಟ್ಟೆ. ಅವಳಿಗೂ ಬರಲಿ ಅಂತ ಐದು ನಿಮಿಷ ಕೊಟ್ಟೆ, ಅದೇ ತಪ್ಪಾಯಿತು. ಗುಹೆಯಿಂದ ರಾಕ್ಷಸ ಬಂದು ಬಾಯಿ ತೆಗೆದ. ಓಡು ಓಡು ಅಂತ ನಾನು ಕೂಗುತ್ತಿದ್ದೇನೆ, ಇವಳು ಅವನ ಬಾಯಿಯ ಹತ್ತಿರ ಹತ್ತಿರ ಹೋಗಿ ಇಣುಕುತ್ತಿದ್ದಾಳೆ. “ಇವ್ನಿಗೆ ಎಡಗಡೆ ಹಲ್ಲು ಬಲಗಡೆ ಕೂರ್ಸಿದಾರಲ್ಲೇ! ಯಾರಿದು ಮಾಡಿದ್ದು?” ನುಂಗಿದ. “ಇನ್ನೊಂದ್ಸಲ, ಸರಿಯಾಗಿ ನೋಡ್ಬೇಕು” ಅಂತ ಮತ್ತೆ ಹೋದಳು. ಮತ್ತೆ ನುಂಗಿದ. ಈಗ ಅಮ್ಮನನ್ನೂ ಕರೆದು ತೋರಿಸುತ್ತಿದ್ದಾಳೆ. ಮೌಸ್ ಕೇಳಿದರೆ ಕೊಡುತ್ತಿಲ್ಲ, ನನ್ನ ಸರದಿ ಅಂದರೂ ಕೇಳುತ್ತಿಲ್ಲ, ಕಿತ್ತುಕೊಳ್ಳಲು ಹೋಗುತ್ತಿದ್ದೇನೆ —