ಹಲಗೆಯ ಮೇಲೆ ಎಸೆದು ನೋಡು

ಬಾಂತಯಾನ್ ದ್ವೀಪ, ಫಿಲಿಪ್ಪೀನ್ಸ್
22 ನವೆಂಬರ್ 1994

ಪ್ರೀತಿಯ ಅಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಹಾಂಗ್‌ಕಾಂಗಿನಲ್ಲಿ ಚಳಿ ಶುರುವಾಗಿರಬೇಕು, ತಣ್ಣೀರಿನಲ್ಲಿ ಪಾತ್ರೆ ತೊಳೆಯಬೇಡ. ಅಜ್ಜಿ ಕೆಮ್ಮುತ್ತಾಳೆ, ಊಟ ಮಾತ್ರ ಬಿಟ್ಟಿಲ್ಲ. ನಾನು ಕಳಿಸಿದ ಒಣಮೀನಿನ ಪೊಟ್ಟಣವನ್ನು ಕ್ರಿಸ್‌ಮಸ್ ದಿನ ನಿನ್ನ ಕೆಲಸದ ಮನೆಯ ಯಜಮಾನಿಗೆ ಹುರಿದು ಬಡಿಸಲು ಎತ್ತಿಟ್ಟಿರುವುದಾಗಿ ಬರೆದಿದ್ದೀಯ. ಓದಿ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಯಾಕೆಂದು ಹೇಳುತ್ತೇನೆ.

ಶಾಲೆ ಬಿಟ್ಟು ಸೊಲೆಡಾಡ್ ಚಿಕ್ಕಮ್ಮನ ಮೀನು ಒಣಗಿಸುವ ಅಂಗಳ ಸೇರಿದ ಮೇಲೆ ನನಗೆ ಕೆಲಸಕ್ಕೆ ಬಂದದ್ದು ಒಂದೇ ಇಂಗ್ಲಿಷ್ ಮಾತು: ಡ್ರೈ. ಒಣಗಿದ ಮೂಟೆಯ ಮೇಲೆ ಕಪ್ಪು ಬಣ್ಣದಲ್ಲಿ ಅದನ್ನು ಬರೆಯುವವಳು ನಾನು. ಪಟ್ಟಣದ ವರ್ತಕರು ಆ ಮೂರು ಇಂಗ್ಲಿಷ್ ಅಕ್ಷರ ನೋಡಿಯೇ ಇಳಿಸಿಕೊಳ್ಳುತ್ತಾರೆ, ಬಿಚ್ಚಿ ನೋಡುವುದಿಲ್ಲ. ಪರೀಕ್ಷೆಯಲ್ಲಿ ‘ನೀರಿಲ್ಲದ್ದು’ ಎಂದು ಅರ್ಥ ಬರೆದಾಗ ಟೀಚರ್ ಪೂರ್ತಿ ಅಂಕ ಕೊಟ್ಟಿದ್ದರು. ಇಲ್ಲಿ ಅಷ್ಟು ಸಾಲದು. ಒಗೆದ ಅಂಗಿ ಮಧ್ಯಾಹ್ನಕ್ಕೇ ಡ್ರೈ. ಮೀನು ಹಾಗಲ್ಲ, ಮೇಲೆ ಮುಟ್ಟಿದರೆ ಒಣಗಿರುತ್ತದೆ, ಮುಳ್ಳಿನ ಪಕ್ಕ ಹಸಿ ಉಳಿದಿರುತ್ತದೆ. ಹಲಗೆಯ ಮೇಲೆ ಎಸೆದಾಗ ಟಕ್ಕೆನ್ನಬೇಕು. ಆಮೇಲೆ ಡ್ರೈ.

ಐದು ದಿನದಿಂದ ಮೋಡ. ನಿನ್ನೆ ದೋಣಿ ಬಂತು. ಚಿಕ್ಕಮ್ಮ ಹನ್ನೊಂದು ಮೂಟೆ ತೋರಿಸಿ ಬರಿ ಅಂದಳು. ಒಂದೊಂದರಿಂದ ಒಂದೊಂದು ಮೀನು ಎಸೆದು ನೋಡಿದೆ, ಸದ್ದೇ ಇಲ್ಲ. ಬರೆಯಲಾರೆ ಅಂದೆ.

“ಹೈಸ್ಕೂಲು ಅರ್ಧಕ್ಕೆ ಬಿಟ್ಟೋಳು ನಂಗೆ ಇಂಗ್ಲಿಷ್ ಹೇಳ್ಕೊಡ್ತೀಯೇನೇ? ದೋಣೀಲಿ ಹೋಗ್ತಾ ಹೋಗ್ತಾ ಒಣಗುತ್ತೆ, ಬರಿ.”

“ಹಂಗಾದ್ರೆ ಅಲ್ಲಿ ಇಳಿಸಿದ್ಮೇಲೆ ಬರೀತೀನಿ, ಚಿಕ್ಕಮ್ಮ.”

ಮೀನು ತಿರುವುತ್ತಿದ್ದ ಹೆಂಗಸರು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಕುಂಚ ಕಿತ್ತುಕೊಂಡು ತಾನೇ ಬರೆದಳು, ನಾಳೆಯಿಂದ ಬರಬೇಡ ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮೋಡ ಅವಳಿಗೂ ಸಾಕಾಗಿದೆ. ನನಗಂತೂ ಮೈಕೈಯೆಲ್ಲ ಸೋತಿದೆ, ಇವತ್ತು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಶಾಲೆಗೆ ವಾಪಸ್ಸು ಹೋಗು ಎಂದು ಈ ಸಲ ಬರೆಯಬೇಡ ಅಮ್ಮಾ, ಸ್ವಲ್ಪ ದಿನ ಸುಮ್ಮನಿರುತ್ತೇನೆ.

ನಿನ್ನ ತಲೆಯ ಮೇಲೆ ಕೈಯಿಟ್ಟೆನೆಂದು ಬರೆಯಲು ಅಜ್ಜಿ ಹೇಳಿದ್ದಾಳೆ.

ನಿನ್ನ ಮಗಳು,
ರೊವೇನಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ಪೊಟ್ಟಣದ ಮೇಲೆ ಡ್ರೈ ಎಂದು ಬರೆದವಳು ನಾನೇ. ತೆರೇಸಿತಾ ಅಕ್ಕ ಹಾಂಗ್‌ಕಾಂಗಿಗೆ ಹೊರಟು ನಿಂತಿದ್ದಳು, ಎಸೆದು ನೋಡದೆ ಬರೆದು ಅವಳ ಕೈಗೆ ಕೊಟ್ಟೆ. ಯಜಮಾನಿಯ ಎದುರು ಬಿಚ್ಚಬೇಡ. ಮೊದಲು ನೀನೊಬ್ಬಳೇ ಹಲಗೆಯ ಮೇಲೆ ಎಸೆದು ನೋಡು. ಸದ್ದು ಬರದಿದ್ದರೆ ಅಷ್ಟನ್ನೂ ಬಿಸಾಡು, ನನ್ನ ಅಕ್ಷರ ನಂಬಬೇಡ.