ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಬೀದಿ ಹಸಿರಾಗಿದೆ

ವಿದ್ಯುತ್ ವಿತರಣಾ ಕಚೇರಿಯ ಯೋಜನಾ ವಿಭಾಗದ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ಚಿಕ್ಕಬಾಣಾವರದ ನಮ್ಮ ಬೀದಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ ಎಂದು ತಮ್ಮ ಕಚೇರಿ ಕೊಟ್ಟಿರುವ ಉತ್ತರ ಶುದ್ಧ ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಮ್ಮವರು ತೋರಿಸಿದ ಸಿಮ್ಯುಲೇಷನ್ ಅನ್ನು ಕಣ್ಣಾರೆ ಕಂಡೆ. ನಮ್ಮ ಕಂಬ, ತಂತಿ, ಮನೆಗಳನ್ನೆಲ್ಲ ಕಂಪ್ಯೂಟರಿನೊಳಗೆ ಇಳಿಸಿ, ಮುಂದಿನ ಹತ್ತು ವರ್ಷದ ಕರೆಂಟನ್ನು ಹತ್ತು ನಿಮಿಷದಲ್ಲಿ ಹರಿಸಿ ನೋಡಿದ್ದೀರಿ. ಯಾರೂ ಇನ್ನೂ ಕೊಳ್ಳದ ಎಲೆಕ್ಟ್ರಿಕ್ ಕಾರು, ಇನ್ನೂ ತಾರಸಿ ಹತ್ತದ ಸೋಲಾರ್ ಫಲಕ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಕೆಂಪಾದರೆ ಅಪಾಯ, ಹಸಿರಾದರೆ ಕ್ಷೇಮ. ನಮ್ಮ ಬೀದಿ ಹಸಿರು. ಹಾಗಾದರೆ ದಿನಾ ಬೆಳಿಗ್ಗೆ ನಾವು ಪಡುವ ಪಾಡು ಯಾವ ಬಣ್ಣದ್ದು, ಸ್ವಾಮಿ?

ಇಲ್ಲಿ ಎಂಬತ್ತು ಬಾಡಿಗೆ ಕೋಣೆಗಳಿವೆ, ಹದಿನಾರು ನನ್ನವು. ಇರುವವರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದಿಂದ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಗ್ಯಾಸ್ ಸಂಪರ್ಕಕ್ಕೆ ಕಾಗದಪತ್ರ ಹೊಂದಿಸಲಾಗದೆ ಎಲ್ಲರೂ ಕರೆಂಟ್ ಒಲೆ ಇಟ್ಟುಕೊಂಡಿದ್ದಾರೆ. ಏಳರ ಶಿಫ್ಟಿಗೆ ಹೊರಡುವವರು ಒಟ್ಟಿಗೇ ಒಲೆ ಹಚ್ಚಿದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗಿ ಬೀದಿಗೆ ಬೀದಿಯೇ ಕತ್ತಲು. ಎರಡು ವರ್ಷ ಅರ್ಜಿ ಕೊಟ್ಟು ಸುಸ್ತಾಗಿ ನಾನೇ ಒಂದು ಪಾಳಿ ಮಾಡಿದೆ. ಕೋಣೆಗಳನ್ನು ಮೂರು ಗುಂಪು ಮಾಡಿ, ಯಾವ ಗುಂಪಿಗೆ ಯಾವ ಅರ್ಧ ಗಂಟೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಾನು ಸ್ಟೀಲ್ ತಟ್ಟೆ ಬಡಿದ ಕೂಡಲೇ ಒಂದು ಗುಂಪು ಒಲೆ ಆರಿಸಬೇಕು, ಇನ್ನೊಂದು ಗುಂಪು ಹಚ್ಚಬೇಕು.

ತಮ್ಮವರು ಒಂದು ವಾರದ ಮಟ್ಟಿಗೆ ಬೀದಿಯ ಕರೆಂಟ್ ಅಳೆಯುವ ಯಂತ್ರ ಕಟ್ಟಿದಾಗ ನಾನು ಮಾಡಿದ ಘನಕಾರ್ಯ ಕೇಳಿ. ಹೆಣ್ಣು ನೋಡಲು ಬರುವವರಿಗಾಗಿ ಮನೆ ಸಾರಿಸಿದ ಹಾಗೆ ಬೀದಿಯನ್ನೇ ಒಪ್ಪ ಮಾಡಿದೆ. ಕೋಣೆ ಕೋಣೆಗೂ ಹೋಗಿ, "ನೋಡೋರು ಬಂದವ್ರೆ, ಪಾಳಿ ತಪ್ಸಿ ಮಾನ ಕಳೀಬೇಡ್ರಪ್ಪ" ಅಂದೆ. ಯಾರೂ ಒಂದು ನಿಮಿಷ ತಪ್ಪಲಿಲ್ಲ. ಯಂತ್ರ ಕಂಡದ್ದು ಮೂರರಲ್ಲಿ ಒಂದು ಪಾಲು ಒಲೆಯನ್ನು ಮಾತ್ರ, ಕಂಪ್ಯೂಟರಿಗೆ ಉಣಿಸಿದ್ದೂ ಅದನ್ನೇ. ನಾನು ಪೆದ್ದ, ಒಪ್ಪಿದೆ. ಆದರೆ ಯಂತ್ರ ಕಟ್ಟಲು ಬಂದವರಲ್ಲಿ ಒಬ್ಬರಾದರೂ, ಬೆಳಿಗ್ಗೆ ಬೆಳಿಗ್ಗೆ ಯಾಕೆ ತಟ್ಟೆ ಬಡಿಯುತ್ತೀರಿ ಎಂದು ಕೇಳಬಾರದಿತ್ತೇ?

ನನ್ನ ಒಂಬತ್ತನೇ ಕೋಣೆಯ ಮಹಾದೇವಿ ಮುದ್ದೇಬಿಹಾಳದ ಕಡೆಯವಳು. ಎರಡು ಒಲೆ ಇಟ್ಟು, ರೊಟ್ಟಿ ಬಡಿದು, ನಲವತ್ತು ಜನಕ್ಕೆ ಬುತ್ತಿ ಕಟ್ಟುತ್ತಿದ್ದಳು. ಪಾಳಿ ಬಂದ ಮೇಲೆ ಹತ್ತು ಜನಕ್ಕೆ ಆದರೆ ಹೆಚ್ಚು. ದೊಡ್ಡ ಟ್ರಾನ್ಸ್‌ಫಾರ್ಮರ್ ಬರುತ್ತದೆಂಬ ಆಸೆಯಲ್ಲಿ ಇಷ್ಟು ದಿನ ತಡೆದಿದ್ದಳು. ಮೊನ್ನೆ ತಮ್ಮ ಉತ್ತರವನ್ನು ಓದಿ ಹೇಳಿದೆ.

"ಪಾಳಿ ಬಿಟ್ರ ಫ್ಯೂಸ್ ಹೊಕ್ಕೈತಿ, ಪಾಳಿ ಹಿಡದ್ರ ಅವರ ಕಂಪ್ಯೂಟರಿಗೆ ನಾವು ಕಾಣಂಗಿಲ್ಲ. ಈ ತಿಂಗಳ ಒಂದ ನೋಡ್ತೀನ್ರಿ ಅಣ್ಣಾರ, ಆಮ್ಯಾಗ ಊರಿಗೆ ಹೋಗ್ತೀನಿ" ಎಂದಳು. ಅದಕ್ಕೇ ಈ ಕಾಗದ ಬರೆಯಲು ಕೂತಿದ್ದೇನೆ.

ಪಾಳಿ ಬಿಟ್ಟು ಅಳೆಯೋಣವೆಂದರೆ ಮತ್ತೆ ಬೀದಿ ಕತ್ತಲಾಗುತ್ತದೆ. ಇಂಥದ್ದಕ್ಕೇ ಅಲ್ಲವೇ ಸಿಮ್ಯುಲೇಷನ್ ಇರುವುದು? ಈ ತಿಂಗಳು ಮುಗಿಯುವುದರೊಳಗೆ, ಬೆಳಿಗ್ಗೆ ಆರಕ್ಕೆ ಎಂಬತ್ತು ಕೋಣೆಗಳಲ್ಲೂ ಒಟ್ಟಿಗೇ ಒಲೆ ಹಚ್ಚಿದಂತೆ ಲೆಕ್ಕ ಹಾಕಿಸಿ. ಮಹಾದೇವಿಗೆ ಎರಡು ಒಲೆ ಕೊಡಲು ಮರೆಯಬೇಡಿ. ಕೆಂಪಾದರೆ ಟ್ರಾನ್ಸ್‌ಫಾರ್ಮರ್ ಕೊಡಿ. ಸುಡುವುದಾದರೆ ಒಮ್ಮೆ ತಮ್ಮ ಕಂಪ್ಯೂಟರಿನೊಳಗೇ ಸುಡಲಿ. ಅಲ್ಲಿ ಯಾರ ರೊಟ್ಟಿಯೂ ಹಸಿಯಾಗಿ ಉಳಿಯುವುದಿಲ್ಲ.

ಇಂತಿ,
ಅಳೆಯಲು ಬಂದವರ ಮುಂದೆ ಮಾನ ಉಳಿಸಲು ಹೋಗಿ ಕೆಟ್ಟ
ಮುನಿಕೃಷ್ಣ
ಚಿಕ್ಕಬಾಣಾವರ